ಎಪಿಕ್ಯೂರಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು: ‘ಸಾಕು’ ಎಂದವನ ಪರವಾಗಿ ಒಂದು ವಕಾಲತ್ತು

ಎಪಿಕ್ಯೂರಸ್‌ನ ಹೆಸರು ಎತ್ತಿದಾಗಲೆಲ್ಲ ಎದುರಿಗಿರುವವರು ಒಂದು ಕಿರುನಗೆ ನಗುತ್ತಾರೆ. “ಓಹೋ, ಆ ಭೋಗವಾದಿಯೇ?” ಎಂಬ ನಗೆ ಅದು. ಅದಕ್ಕೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿರುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಈ ಮೊಕದ್ದಮೆಯಲ್ಲಿ ನ್ಯಾಯಾಧೀಶನಲ್ಲ, ಒಂದು ಕಡೆಯ ವಕೀಲ. ಆದರೆ ಕಕ್ಷಿದಾರ ಎಡವಿದ ಕಡೆ ಎಡವಿದ್ದಾನೆಂದೇ ಹೇಳುತ್ತೇನೆ.

ಎಪಿಕ್ಯೂರಸ್ ಯಾರು?

ಕ್ರಿ.ಪೂ. 341ರಲ್ಲಿ ಸಾಮೊಸ್ ದ್ವೀಪದಲ್ಲಿ ಹುಟ್ಟಿದ ಗ್ರೀಕ್ ತತ್ತ್ವಜ್ಞಾನಿ. ಅಪ್ಪ ನಿಯೊಕ್ಲೀಸ್ ಅಥೆನ್ಸ್ ಮೂಲದ ಶಾಲಾ ಮೇಷ್ಟ್ರು. ‘ಮೇಷ್ಟ್ರ ಮಗ’ ಎಂಬುದನ್ನೇ ವಿರೋಧಿಗಳು ಮುಂದೆ ಬೈಗುಳದಂತೆ ಬಳಸಿದರು. ಅಲೆಕ್ಸಾಂಡರ್ ಸತ್ತ ಮೇಲೆ ಸಾಮೊಸ್‌ನಲ್ಲಿದ್ದ ಅಥೆನ್ಸಿನವರನ್ನೆಲ್ಲ ಒಕ್ಕಲೆಬ್ಬಿಸಿದರು. ಇವನ ಮನೆಯವರೂ ಗಂಟುಮೂಟೆ ಕಟ್ಟಿಕೊಂಡು ಕೊಲೊಫೋನ್ ಊರಿಗೆ ಹೋದರು. ಮಿಟಿಲೀನ್, ಲ್ಯಾಂಪ್ಸಕಸ್‌ಗಳಲ್ಲಿ ಪಾಠ ಹೇಳಿ, ಕ್ರಿ.ಪೂ. 306ರ ಹೊತ್ತಿಗೆ ಅಥೆನ್ಸಿಗೆ ಬಂದು 80 ಮಿನಾ, ಎಂದರೆ 8,000 ದ್ರಾಖ್ಮ ಬೆಳ್ಳಿನಾಣ್ಯ ಕೊಟ್ಟು ಒಂದು ತೋಟ ಕೊಂಡ. ಅವನ ಪಂಥಕ್ಕೆ ‘ತೋಟ’ ಎಂದೇ ಹೆಸರಾಯಿತು. ಪ್ಲೇಟೋನ ಅಕಾಡೆಮಿಗೆ ಹೋಗುವ ದಾರಿಯ ಕಡೆಗೇ ಆ ತೋಟವಿತ್ತು. ಅಲ್ಲೇ ನೆಲೆಸಿ ಪಾಠ ಹೇಳಿ, ಬರೆದು, ಕ್ರಿ.ಪೂ. 270ರಲ್ಲಿ ಸತ್ತ.

ಅವನು ಹೇಳಿದ್ದು ‘ತಿನ್ನು, ಕುಡಿ, ಮಜಾ ಮಾಡು’ ಎಂದಲ್ಲವೇ?

ಅಲ್ಲ. ಸುಖವೇ ಬದುಕಿನ ಗುರಿ ಎಂದು ಹೇಳಿದ್ದು ನಿಜ. ಆದರೆ ಮೆನೋಯ್ಕಿಯಸ್ ಎಂಬವನಿಗೆ ಬರೆದ ಪತ್ರದಲ್ಲಿ ಅವನೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ: ಕುಡಿತದ ಕೂಟಗಳಿಂದಾಗಲಿ, ಕಾಮದಾಟಗಳಿಂದಾಗಲಿ, ಮೀನು ಮೃಷ್ಟಾನ್ನದ ಮೇಜಿನಿಂದಾಗಲಿ ಸುಖದ ಬದುಕು ಹುಟ್ಟುವುದಿಲ್ಲ, ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂದು ಎಚ್ಚರದ ತಲೆಯಿಂದ ಲೆಕ್ಕ ಹಾಕುವುದರಿಂದ ಹುಟ್ಟುತ್ತದೆ ಎಂದು. ಅವನು ಸುಖ ಎಂದದ್ದು ಎರಡಕ್ಕೆ: ಮೈಯಲ್ಲಿ ನೋವಿಲ್ಲದಿರುವುದು, ಮನಸ್ಸು ಕದಡದಿರುವುದು. ಎರಡನೆಯದಕ್ಕೆ ಗ್ರೀಕರ ಮಾತು ಅತರಕ್ಸಿಯ. ಕನ್ನಡದಲ್ಲಿ ಅದಕ್ಕೆ ಪಾರಿಭಾಷಿಕ ಪದ ಹುಡುಕಬೇಕಾಗಿಲ್ಲ, ನೆಮ್ಮದಿ ಎಂದರೆ ಮುಗಿಯಿತು. ನನ್ನ ಅನುಮಾನವೇನೆಂದರೆ, ಮೊದಲು ಅವನನ್ನು ಕನ್ನಡಕ್ಕೆ ತಂದವರು ‘ಸುಖವಾದಿ’ಯ ಬದಲು ‘ನೆಮ್ಮದಿಯವನು’ ಎಂದಿದ್ದರೆ ಆ ಕಿರುನಗೆ ಹುಟ್ಟುತ್ತಲೇ ಇರಲಿಲ್ಲ.

ಅವನ ಊಟದ ಬಗ್ಗೆ ದಾಖಲೆ ಬೇಕೇ? ಸ್ನೇಹಿತನಿಗೆ ಬರೆದ ಒಂದು ಪತ್ರದಲ್ಲಿ, “ಒಂದು ಪುಟ್ಟ ಕುಡಿಕೆಯಲ್ಲಿ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ” ಎಂದಿದ್ದಾನೆ. ರೋಮಿನ ಸೆನೆಕಾ ಎದುರು ಪಾಳೆಯದವನು, ಸ್ಟೋಯಿಕ್ ಎಂಬ ಪಂಥದ ತತ್ತ್ವಜ್ಞಾನಿ. ಅವನೇ ತೋಟದ ಬಾಗಿಲಿನ ಬರಹದ ಬಗ್ಗೆ ಬರೆದಿದ್ದಾನೆ. “ಅತಿಥಿಯೇ, ಇಲ್ಲಿ ಹಿತವಾಗಿ ಇರುವೆ, ಇಲ್ಲಿ ಸುಖವೇ ಪರಮ” ಎಂಬ ಆ ಬರಹ ನೋಡಿ ಒಳಗೆ ಹೋದವನಿಗೆ ಸಿಗುತ್ತಿದ್ದದ್ದು ಬಾರ್ಲಿ ಹಿಟ್ಟಿನ ಅಂಬಲಿ ಮತ್ತು ಬೇಕಾದಷ್ಟು ನೀರು. ಈ ತೋಟ ಹಸಿವನ್ನು ಕೆರಳಿಸುವುದಿಲ್ಲ, ತಣಿಸುತ್ತದೆ ಎಂದು ಆತಿಥೇಯ ಹೇಳುತ್ತಾನಂತೆ.

ಹಾಗಿದ್ದರೆ ಕೆಟ್ಟ ಹೆಸರು ಬಂದದ್ದು ಹೇಗೆ?

ಒಳಗಿನವನೊಬ್ಬನಿಂದ ಶುರುವಾಯಿತು. ಎಪಿಕ್ಯೂರಸ್‌ನ ಆಪ್ತ ಮೆಟ್ರೊಡೋರಸ್‌ನ ತಮ್ಮನೋ ಅಣ್ಣನೋ ಆದ ತಿಮೊಕ್ರೇಟಸ್ ಪಂಥ ಬಿಟ್ಟುಹೋದ ಮೇಲೆ, ಗುರು ದಿನಕ್ಕೆ ಎರಡು ಸಲ ವಾಂತಿ ಮಾಡಿಕೊಳ್ಳುವಷ್ಟು ತಿನ್ನುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಡಯೋಟಿಮಸ್ ಎಂಬ ಸ್ಟೋಯಿಕ್ ಮಹಾಶಯ ಇನ್ನೂ ಮುಂದೆ ಹೋಗಿ, ಅಶ್ಲೀಲವಾದ 50 ಪತ್ರಗಳನ್ನು ತಾನೇ ಬರೆದು ಎಪಿಕ್ಯೂರಸ್‌ನ ಹೆಸರಿನಲ್ಲಿ ಹರಿಯಬಿಟ್ಟ. ಸದ್ಗುಣವೊಂದೇ ಒಳ್ಳೆಯದು ಎಂದು ಬೋಧಿಸುವ ಪಂಥದವನ ಕೆಲಸ ಇದು. ತೋಟದಲ್ಲಿ ಹೆಂಗಸರಿದ್ದರು, ಗುಲಾಮರಿದ್ದರು ಎಂಬುದು ಗಾಳಿಮಾತಿಗೆ ಇನ್ನಷ್ಟು ಗಾಳಿ ಹಾಕಿತು. ಲಿಯೊಂಟಿಯನ್ ಎಂಬ ಗಣಿಕೆ ಅರಿಸ್ಟಾಟಲನ ಉತ್ತರಾಧಿಕಾರಿ ಥಿಯೊಫ್ರಾಸ್ಟಸ್‌ನ ವಿರುದ್ಧವೇ ಪುಸ್ತಕ ಬರೆದಳು. ಎರಡು ಶತಮಾನ ಕಳೆದ ಮೇಲೂ ರೋಮಿನ ವಾಗ್ಮಿ ಸಿಸೆರೊಗೆ ಅದು ನುಂಗಲಾರದ ತುತ್ತಾಗಿತ್ತು; ಆದರೂ ಅವಳ ಗ್ರೀಕ್ ಚೆನ್ನಾಗಿದೆ ಎಂದು ಒಪ್ಪಿಕೊಂಡ.

ನೋವಿಲ್ಲದಿರುವುದೇ ಸುಖ ಎನ್ನುವುದಾದರೆ ಕಲ್ಲೂ ಸುಖಿಯೇ, ಹೆಣವೂ ಸುಖಿಯೇ?

ಇದು ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ. ಇದನ್ನು ಮೊದಲು ಕೇಳಿದವರು ಸಿರೀನಿನವರು, ಉತ್ತರ ಆಫ್ರಿಕದ ಸಿರೀನ್ ಪಟ್ಟಣದ ಅರಿಸ್ಟಿಪ್ಪಸ್‌ನ ಅನುಯಾಯಿಗಳು. ನಿಜವಾದ ಭೋಗವಾದಿಗಳು ಇವರು. ಈ ಕ್ಷಣದಲ್ಲಿ ಮೈ ಅನುಭವಿಸುವ ಸುಖವೇ ಸುಖ, ಉಳಿದದ್ದು ನಿದ್ದೆ ಹೋದವನ ಸ್ಥಿತಿ ಎಂಬುದು ಅವರ ವಾದ. ಅದು ಅವರನ್ನು ಎಲ್ಲಿಗೆ ಮುಟ್ಟಿಸಿತು ನೋಡಿ. ಅವರಲ್ಲೇ ಒಬ್ಬ ಹೆಗೆಸಿಯಾಸ್ ಲೆಕ್ಕ ಹಾಕಿ, ಬದುಕಿನಲ್ಲಿ ಸುಖಕ್ಕಿಂತ ನೋವೇ ಹೆಚ್ಚು, ಸುಖಿಯಾಗುವುದು ಸಾಧ್ಯವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದ. ಅವನ ಪಾಠ ಕೇಳಿ ಜನ ಪ್ರಾಣ ಕಳೆದುಕೊಳ್ಳತೊಡಗಿದರೆಂದು ಅಲೆಕ್ಸಾಂಡ್ರಿಯದಲ್ಲಿ ರಾಜ ಟಾಲಮಿ ಪಾಠವನ್ನೇ ನಿಲ್ಲಿಸಿದನಂತೆ. ‘ಇನ್ನೂ ಬೇಕು’ ಎಂಬಲ್ಲಿಂದ ಹೊರಟ ದಾರಿ ‘ಏನೂ ಬೇಡ’ ಎಂಬಲ್ಲಿಗೆ ಹೋಗಿ ನಿಂತಿತು.

ಪ್ಲೇಟೋನ ‘ಗಾರ್ಜಿಯಸ್’ ಸಂವಾದದಲ್ಲಿ ಸಾಕ್ರಟೀಸ್ ಸುಖದ ಬೆನ್ನು ಹತ್ತಿದವನನ್ನು ತೂತು ಗಡಿಗೆಗೆ ಹೋಲಿಸುತ್ತಾನೆ, ಎಷ್ಟು ಸುರಿದರೂ ಸೋರುತ್ತದೆ ಎಂದು. ಅದಕ್ಕೆ ಕ್ಯಾಲಿಕ್ಲೀಸ್ ಕೊಡುವ ಉತ್ತರ: ಗಡಿಗೆ ತುಂಬಿದ ಮೇಲೆ ಸುರಿಯುವುದು ನಿಂತುಹೋಗುತ್ತದೆ, ಅದು ಕಲ್ಲಿನ ಬದುಕು! ಇಬ್ಬರೂ ಒಂದು ವಿಷಯದಲ್ಲಿ ಒಂದೇ. ಸುಖವೆಂದರೆ ಸುರಿಯುವ ಕ್ರಿಯೆ ಎಂದು ಇಬ್ಬರೂ ನಂಬಿದ್ದಾರೆ. ತುಂಬಿದ ಗಡಿಗೆಯ ತಂಪನ್ನು ಲೆಕ್ಕಕ್ಕೆ ತೆಗೆದುಕೊಂಡವನು ಎಪಿಕ್ಯೂರಸ್. ಬಾಯಾರಿದಾಗ ನೀರು ಕುಡಿಯುವುದು ಒಂದು ಬಗೆಯ ಸುಖ, ಚಲನೆಯಲ್ಲಿರುವುದು. ಬಾಯಾರಿಕೆ ಹೋದ ಮೇಲಿನ ಸ್ಥಿತಿ ಇನ್ನೊಂದು, ನೆಲೆ ನಿಂತದ್ದು. ಎರಡನೆಯದು ಸಿಕ್ಕ ಮೇಲೆ ಸುಖದಲ್ಲಿ ಬಗೆ ಬದಲಾಯಿಸಬಹುದೇ ಹೊರತು ಹೆಚ್ಚಿಸಲಾಗದು.

ಅಥೆನ್ಸಿನ ಕೆರಮೈಕಸ್ ಬಡಾವಣೆಯಲ್ಲಿ ಕ್ರಿಸಿಪ್ಪಸ್‌ನ ವಿಗ್ರಹವೊಂದಿತ್ತು. ಸ್ಟೋಯಿಕರ ಮಹಾ ತಾರ್ಕಿಕ ಕೈ ಚಾಚಿ ಕುಳಿತಿದ್ದಾನೆ. ಅವನಿಗೆ ತುಂಬ ಇಷ್ಟವಾದ ವಾದವೊಂದನ್ನು ಆ ಕೈಯೇ ತೋರಿಸುತ್ತದೆ ಎಂದು ಸಿಸೆರೊ ಬರೆಯುತ್ತಾನೆ. “ನಿನ್ನ ಕೈ ಈಗ ಇರುವ ಹಾಗೆ, ಅದಕ್ಕೆ ಏನಾದರೂ ಬೇಕೆನಿಸುತ್ತಿದೆಯೇ?” “ಇಲ್ಲ.” “ಸುಖ ಒಳ್ಳೆಯದಾಗಿದ್ದರೆ ಅದಕ್ಕೆ ಸುಖ ಬೇಕೆನಿಸುತ್ತಿತ್ತು, ಅಲ್ಲವೇ?” “ಹೌದೆನ್ನಿಸುತ್ತದೆ.” “ಹಾಗಾದರೆ ಸುಖ ಒಳ್ಳೆಯದಲ್ಲ.” ಕೇಳಲು ಚೆನ್ನಾಗಿದೆ. ಸಿರೀನಿನವರ ಬಾಯಿ ಮುಚ್ಚಿಸಲು ಇಷ್ಟು ಸಾಕಿತ್ತು ಕೂಡ. ಆದರೆ ಎಪಿಕ್ಯೂರಸ್‌ನ ಕಡೆಯವರು ನಕ್ಕರು: ಆ ಕೈಗೆ ಏನೂ ಬೇಡವೆಂದರೆ ಅದು ಆಗಲೇ ಪರಮ ಸುಖದಲ್ಲಿದೆಯಪ್ಪಾ! ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನು ಮೂರನೆಯ ಸಲ ಬಂದಾಗ ಎಲೆಗೆ ಅಡ್ಡ ಹಿಡಿಯುವ ಕೈಯನ್ನು ನೋಡಿದ್ದೀರಲ್ಲ? ಆ ಕೈ ಕಲ್ಲಲ್ಲ, ಹೆಣವಲ್ಲ. ಈಗಷ್ಟೇ ಚೆನ್ನಾಗಿ ಉಂಡವನ ಕೈ ಅದು. ಕ್ರಿಸಿಪ್ಪಸ್ ಮೂವತ್ತು ದಿನ ತರ್ಕ ಮಾಡಿದರೂ ಅದನ್ನು ಅಲ್ಲಿಂದ ಸರಿಸಲಾರ.

ಯಾವುದು ಸಾಕು, ಯಾವುದು ಬೇಡ ಎಂದು ತಿಳಿಯುವುದು ಹೇಗೆ?

ಆಸೆಗಳನ್ನು ಅವನು ಮೂರು ಗುಂಪು ಮಾಡಿದ. ಸಹಜವೂ ಹೌದು, ಬೇಕೇ ಬೇಕು ಎನ್ನುವಂಥವು: ಅನ್ನ, ನೀರು, ಚಳಿಗೆ ಹೊದಿಕೆ, ಸ್ನೇಹ, ಸ್ವಲ್ಪ ತಿಳಿವಳಿಕೆ. ಸಹಜವಾದರೂ ಇಲ್ಲದಿದ್ದರೆ ನಡೆಯುವಂಥವು: ಹಬ್ಬದಡುಗೆ, ಕಾಮ. ಸಹಜವೂ ಅಲ್ಲ, ಬೇಕಾದ್ದೂ ಅಲ್ಲ ಎನ್ನುವಂಥವು: ಕಿರೀಟ, ವಿಗ್ರಹ ಕೆತ್ತಿಸಿಕೊಳ್ಳುವುದು, ಊರೆಲ್ಲ ಹೆಸರು. ಮೊದಲ ಗುಂಪಿಗೆ ತಳವಿದೆ, ಹಸಿವು ತುಂಬುತ್ತದೆ. ಮೂರನೆಯದಕ್ಕೆ ತಳವಿಲ್ಲ. ಎಷ್ಟು ಕೀರ್ತಿಯಾದರೆ ಸಾಕು ಎಂದು ಯಾರೂ ಹೇಳಿದ್ದಿಲ್ಲ. ‘ಸಾಕಾದದ್ದು ಯಾರಿಗೆ ಕಡಿಮೆಯೋ ಅವನಿಗೆ ಯಾವುದೂ ಸಾಕಾಗದು’ ಎಂಬ ಅರ್ಥದ ಮಾತೊಂದು ಅವನದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನುಸುಳುತ್ತದೆ. ಇದು ಸನ್ಯಾಸವಲ್ಲ. ಇದ್ದಾಗ ಪಾಯಸ ಉಣ್ಣಬಹುದು. ಇಲ್ಲದಾಗ ಅದಕ್ಕಾಗಿ ಕೊರಗದಿರುವ ಅಭ್ಯಾಸ ಬೇಕು ಎನ್ನುವುದಷ್ಟೇ ಅವನ ತಕರಾರು. ಆ ಅಭ್ಯಾಸ ಪ್ರಯೋಜನಕ್ಕೆ ಬಂದ ದಿನವೂ ಒಂದಿದೆ. ಕ್ರಿ.ಪೂ. 294ರ ಸುಮಾರಿಗೆ ರಾಜ ಡೆಮೆಟ್ರಿಯಸ್ ಅಥೆನ್ಸಿಗೆ ಮುತ್ತಿಗೆ ಹಾಕಿದಾಗ ಊರೊಳಗೆ ಕಾಳಿಗೂ ಬರ. ಒಂದು ಮನೆಯಲ್ಲಿ ಆಸೆ ಬಿಟ್ಟು ಕುಳಿತಿದ್ದ ಅಪ್ಪ ಮಗನ ಮುಂದೆ ಸೂರಿನಿಂದ ಸತ್ತ ಇಲಿಯೊಂದು ಬಿತ್ತಂತೆ. ಇಬ್ಬರೂ ಅದಕ್ಕಾಗಿ ಎದ್ದು ಕಿತ್ತಾಡಿದರಂತೆ. ಅದೇ ದಿನಗಳಲ್ಲಿ ಎಪಿಕ್ಯೂರಸ್ ತೋಟದವರಿಗೆಲ್ಲ ಅವರೆಯಂಥ ಕಾಳನ್ನು ಎಣಿಸಿ ಎಣಿಸಿ ಹಂಚಿ ಅವರ ಜೀವ ಉಳಿಸಿದ. ಇದನ್ನು ದಾಖಲಿಸಿದವನು ಎಪಿಕ್ಯೂರಸ್‌ನನ್ನು ಕಂಡರೆ ಆಗದ ಗ್ರೀಕ್ ಲೇಖಕ ಪ್ಲುಟಾರ್ಕ್. ಅವನ ವಿರುದ್ಧ ಪುಸ್ತಕದ ಮೇಲೆ ಪುಸ್ತಕ ಬರೆದ ಮನುಷ್ಯನ ಲೇಖನಿಯಿಂದಲೇ ಈ ಸಾಕ್ಷ್ಯ ಬಂದಿರುವುದು ನನಗೆ ತುಂಬ ಹಿತ ಕೊಡುತ್ತದೆ.

ಇವನು ನಮ್ಮ ಚಾರ್ವಾಕನ ಗ್ರೀಕ್ ಅವತಾರವೇ?

ನೆಂಟಸ್ತನ ಇದೆ, ಅವತಾರವಲ್ಲ. ಸತ್ತ ಮೇಲೆ ಏನೂ ಇಲ್ಲ, ಯಾಗಯಜ್ಞದಿಂದ ಮೇಲಿನವರು ಒಲಿಯುವುದಿಲ್ಲ ಎಂಬಲ್ಲಿ ಇಬ್ಬರೂ ಕೈ ಕುಲುಕುತ್ತಾರೆ. ಆದರೆ ಚಾರ್ವಾಕರು ಕಣ್ಣೆದುರಿನ ಪ್ರತ್ಯಕ್ಷವನ್ನೇ ಪ್ರಮಾಣವೆಂದವರು. ಎಪಿಕ್ಯೂರಸ್ ಕಂಡದ್ದರಿಂದ ಕಾಣದ್ದಕ್ಕೆ, ಅಣುಗಳಿಗೆ, ಊಹೆಯ ಏಣಿ ಹಾಕಿದವನು. ‘ಸಾಲ ಮಾಡಿಯಾದರೂ ತುಪ್ಪ ಕುಡಿ’ ಎಂಬ ಮಾತಂತೂ ಅವನ ಬಾಯಲ್ಲಿ ಬರುವುದು ಸಾಧ್ಯವಿಲ್ಲ. ಸಾಲಗಾರ ರಾತ್ರಿ ಮಗ್ಗುಲು ಬದಲಿಸುತ್ತಾನಲ್ಲ, ಆ ಮಗ್ಗುಲಿನ ಲೆಕ್ಕವನ್ನೂ ತುಪ್ಪದ ಖರ್ಚಿಗೆ ಸೇರಿಸಬೇಕು ಎನ್ನುವ ಪೈಕಿ ಅವನು.

ನಿಜವಾದ ಹೋಲಿಕೆ ಬೇರೆಡೆ ಇದೆ. ಚಾರ್ವಾಕರ ಮಾತು ನಮಗೆ ಮುಖ್ಯವಾಗಿ ತಲುಪಿದ್ದು ಅವರನ್ನು ಖಂಡಿಸಿದವರ ಪುಸ್ತಕಗಳ ಮೂಲಕ. 14ನೆಯ ಶತಮಾನದ ವಿಜಯನಗರದ ಕಾಲದಲ್ಲಿ ಮಾಧವನ ಹೆಸರಿನಲ್ಲಿ ಬಂದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯ ಅವರದು, ಮೊದಲು ಉರುಳಿಸಲೆಂದೇ ಮೊದಲು ನಿಲ್ಲಿಸಿದ್ದು. ಎಪಿಕ್ಯೂರಸ್‌ನ ಕಥೆಯೂ ಅರ್ಧ ಹಾಗೆಯೇ. ಸಿಸೆರೊ, ಪ್ಲುಟಾರ್ಕ್‌ರ ಬೈಗುಳ ಜೋಪಾನವಾಗಿ ಉಳಿಯಿತು. ಬೈಸಿಕೊಂಡವನ ಪುಸ್ತಕಗಳು ಹೋದವು.

ಸ್ಟೋಯಿಕರ ದಾರಿ ಇದಕ್ಕಿಂತ ಗಟ್ಟಿಯಲ್ಲವೇ? ಈಗ ಎಲ್ಲೆಲ್ಲೂ ಅವರದೇ ಮಾತು.

ಹೌದು, ಬೆಳಿಗ್ಗೆ ಮೊಬೈಲ್ ತೆಗೆದರೆ ಸ್ಟೋಯಿಕ್ ಪಂಥದ ರೋಮನ್ ಚಕ್ರವರ್ತಿ ಮಾರ್ಕಸ್ ಅರೀಲಿಯಸ್‌ನ ಒಂದು ಸೂಕ್ತಿ ಎದುರಾಗುತ್ತದೆ. ಅವರ ಎದೆಗಾರಿಕೆಗೆ ನನ್ನ ಗೌರವವಿದೆ. ಆದರೆ ಅವರ ಬುಡವಾದವನ್ನು ನೋಡಿ: ಸದ್ಗುಣವೊಂದೇ ಒಳ್ಳೆಯದು. ಆರೋಗ್ಯ, ಹೆಂಡತಿ, ಮಗು ಎಲ್ಲ ‘ಇದ್ದರೆ ವಾಸಿ’ ಎನ್ನುವ ಪಟ್ಟಿಗೆ ಸೇರಿದವು, ನಿಜವಾದ ಒಳಿತಲ್ಲ. ಮಗುವಿಗೆ ಮುತ್ತಿಡುವಾಗ ‘ನಾಳೆ ನೀನು ಸಾಯುವೆ’ ಎಂದು ಒಳಗೇ ಹೇಳಿಕೋ ಎಂದು ಎಪಿಕ್ಟೀಟಸ್ ಕಲಿಸುತ್ತಾನೆ. ನೆಮ್ಮದಿಯನ್ನು ಇಷ್ಟು ಬೆಲೆಗೆ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಸ್ನೇಹಿತ ಸತ್ತಾಗ ಅಳಬಾರದು ಎನ್ನುವವರ ಜೊತೆ ಎಪಿಕ್ಯೂರಸ್ ಜಗಳವಾಡಿದ. ಏನೂ ಅನ್ನಿಸದ ಆ ಸ್ಥಿತಿ ಕ್ರೌರ್ಯದಂಥ ಇನ್ನೂ ಕೆಟ್ಟದ್ದರಿಂದ ಹುಟ್ಟುತ್ತದೆ, ಅದಕ್ಕಿಂತ ಕಣ್ಣು ಒದ್ದೆಯಾಗುವುದೇ ಮೇಲು ಎಂದ. ಇದನ್ನು ತಿಳಿಸಿದವನೂ ಪ್ಲುಟಾರ್ಕನೇ, ತಿಳಿಸಿದ್ದು ಹೀಗಳೆಯಲು.

ಸುಖವನ್ನು ಸಿಂಹಾಸನದ ಮೇಲೆ ಕೂರಿಸಿ, ಸದ್ಗುಣಗಳನ್ನು ದಾಸಿಯರಂತೆ ಸುತ್ತ ನಿಲ್ಲಿಸಿದ ಚಿತ್ರವೊಂದನ್ನು ಸ್ಟೋಯಿಕ್ ಕ್ಲಿಯಾಂಥೀಸ್ ತನ್ನ ಕೇಳುಗರಿಗೆ ಮಾತಿನಲ್ಲೇ ಬರೆದು ತೋರಿಸುತ್ತಿದ್ದ, ನಾಚಿಕೆಯಾಗಲಿ ಎಂದು. ಎಪಿಕ್ಯೂರಸ್‌ಗೆ ನಾಚಿಕೆಯಾಗುತ್ತಿರಲಿಲ್ಲ. ಔಷಧಿಯನ್ನು ಆರೋಗ್ಯಕ್ಕಾಗಿ ತೆಗೆದುಕೊಳ್ಳುತ್ತೇವೆ, ಔಷಧಿಯ ಮೇಲಿನ ಪ್ರೀತಿಯಿಂದಲ್ಲ, ಸದ್ಗುಣವೂ ಹಾಗೆ. ವಿವೇಕ, ಮರ್ಯಾದೆ, ನ್ಯಾಯ ಇಲ್ಲದೆ ಹಿತವಾಗಿ ಬದುಕಲಾಗದು, ಹಿತವಾಗಿ ಬದುಕದೆ ಅವೂ ಇರಲಾರವು ಎಂದು ಎರಡೂ ಕಡೆಯಿಂದ ಗಂಟು ಹಾಕಿದವನು ಅವನು. ಸದ್ಗುಣ ಏಕೆ ಬೇಕು ಎಂದು ಕೇಳಿದರೆ ‘ಸದ್ಗುಣಕ್ಕಾಗಿ’ ಎನ್ನುವ ಉತ್ತರಕ್ಕಿಂತ ಇದು ಪ್ರಾಮಾಣಿಕ.

ತಡೆಯಲಾರದ ನೋವು ಬಂದರೆ? ಆಗ ಈ ನೆಮ್ಮದಿಯ ಗತಿ?

ಇಲ್ಲಿ ನನ್ನ ಕಕ್ಷಿದಾರನ ವಾದ ಸೊರಗಿದೆ, ಒಪ್ಪುತ್ತೇನೆ. ‘ತೀವ್ರವಾದ ನೋವು ಬಹುಕಾಲ ಇರದು, ಬಹುಕಾಲ ಇರುವ ನೋವು ತೀವ್ರವಲ್ಲ’ ಎಂಬುದು ಅವನ ಸೂತ್ರ. ಕೆಲವು ವರ್ಷಗಳ ಹಿಂದೆ ನಡುರಾತ್ರಿ ಎರಡು ಗಂಟೆಗೆ ನನಗೆ ಮೂತ್ರಪಿಂಡದ ಕಲ್ಲಿನ ನೋವು ಬಂತು. ಬಚ್ಚಲುಮನೆಯ ತಣ್ಣನೆಯ ನೆಲಕ್ಕೆ ಕೆನ್ನೆ ಒತ್ತಿ, ಹೆಂಚಿನ ಸಂದಿನಲ್ಲಿದ್ದ ಬಿಳಿ ಸಿಮೆಂಟಿನ ಗೆರೆ ನೋಡುತ್ತ ಮಲಗಿದ್ದೆ. ಈ ಸೂತ್ರ ನೆನಪಾಯಿತು. ಬಾಯಿಗೆ ಬಂದದ್ದು ಸೂತ್ರವಲ್ಲ, ಅದನ್ನು ಬರೆದವನಿಗೆ ಒಂದು ಬೈಗುಳ. ಇಂದಿನ ಕ್ಯಾನ್ಸರ್ ವಾರ್ಡಿನ ಮುಂದೆ ನಿಂತು ಆ ಮಾತು ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ಗುಣವಾಗಿ ಕುಳಿತಾಗ ಇನ್ನೊಂದು ಸಂಗತಿ ಹೊಳೆಯಿತು. ಅವನು ಸತ್ತದ್ದೇ ಆ ಕಲ್ಲಿನಿಂದ. ಮೂತ್ರ ಕಟ್ಟಿ ಹದಿನಾಲ್ಕು ದಿನ ನರಳಿ, ಕೊನೆಗೆ ಬಿಸಿನೀರು ತುಂಬಿದ ಕಂಚಿನ ತೊಟ್ಟಿಯಲ್ಲಿ ಇಳಿದು, ನೀರು ಬೆರೆಸದ ದ್ರಾಕ್ಷಾರಸ ಕೇಳಿ ಕುಡಿದು ಪ್ರಾಣ ಬಿಟ್ಟ. ಆ ದಿನಗಳಲ್ಲಿ ಸ್ನೇಹಿತ ಇಡೊಮೆನಿಯಸ್‌ಗೆ ಬರೆದ ಪತ್ರ ಉಳಿದಿದೆ. ನೋವು ಇದಕ್ಕಿಂತ ಹೆಚ್ಚಾಗಲಾರದಷ್ಟು ಇದೆ ಎಂದು ಮುಚ್ಚುಮರೆ ಇಲ್ಲದೆ ಬರೆಯುತ್ತಾನೆ. ಅದರ ಎದುರಿಗೆ ನಾವಾಡಿದ ಮಾತುಕತೆಗಳ ನೆನಪಿನ ಸಂತೋಷವನ್ನು ಸಾಲಾಗಿ ನಿಲ್ಲಿಸಿದ್ದೇನೆ ಎನ್ನುತ್ತಾನೆ. ತೀರಿಹೋದ ಮೆಟ್ರೊಡೋರಸ್‌ನ ಮಕ್ಕಳನ್ನು ನೋಡಿಕೋ ಎಂದು ಮುಗಿಸುತ್ತಾನೆ. ಸೂತ್ರಕ್ಕಿಂತ ಪತ್ರ ದೊಡ್ಡದು. ಜ್ಞಾನಿಯಾದವನು ಚಿತ್ರಹಿಂಸೆಯಲ್ಲೂ ಸುಖಿ ಎಂದು ಸ್ಟೋಯಿಕರಂತೆ ಅವನೂ ಹೇಳಿದ್ದುಂಟು, ಆದರೆ ಕೂಗುತ್ತಾನೆ, ನರಳುತ್ತಾನೆ ಎಂದೂ ಸೇರಿಸಿದ.

ಇನ್ನು ಎದುರು ಪಾಳೆಯದ ಡಯೊನೀಸಿಯಸ್‌ನನ್ನು ನೋಡಿ. ಸ್ಟೋಯಿಕ್ ಪಂಥ ಕಟ್ಟಿದ ಝೀನೋನ ಖಾಸಾ ಶಿಷ್ಯ. ನೋವು ಕೆಟ್ಟದ್ದಲ್ಲ ಎಂದು ವರ್ಷಗಟ್ಟಲೆ ಬೋಧಿಸಿದ. ಒಂದು ದಿನ ನೋವು ಬಂತು, ಕಣ್ಣಿನದೆಂದು ಕೆಲವರು, ಮೂತ್ರಪಿಂಡದ್ದೆಂದು ಕೆಲವರು. ನೋವು ಕೆಟ್ಟದ್ದೇ ಎಂದು ಕೂಗಿ ಪಂಥವನ್ನೇ ಬಿಟ್ಟು ಸುಖವಾದಿಗಳ ಕಡೆ ಓಡಿದ. ‘ಪಕ್ಷಾಂತರಿ’ ಎಂಬ ಅಡ್ಡಹೆಸರು ಅವನಿಗೆ ಅಂಟಿತು. ನನಗೆ ಅವನ ಮೇಲೆ ಸಿಟ್ಟಿಲ್ಲ, ಬಚ್ಚಲುಮನೆಯ ನೆಲ ನನಗೂ ಗೊತ್ತು.

ಸಾವಿನ ಬಗ್ಗೆ ಅವನ ವಾದವೇನು?

ನಾವಿರುವ ತನಕ ಸಾವಿಲ್ಲ. ಸಾವು ಬಂದಾಗ ನಾವಿಲ್ಲ. ಅನುಭವಿಸುವವನೇ ಇಲ್ಲದ ಮೇಲೆ ಕೇಡು ಯಾರಿಗೆ? ರೋಮನ್ ಕವಿ ಲುಕ್ರೀಷಿಯಸ್ ಇದಕ್ಕೆ ಇನ್ನೊಂದು ಮಾತು ಸೇರಿಸಿದ: ನಾವು ಹುಟ್ಟುವ ಮೊದಲಿನ ಅನಂತ ಕಾಲಕ್ಕಾಗಿ ಯಾರೂ ದುಃಖಿಸುವುದಿಲ್ಲವಲ್ಲ. ಎಳೆಯ ವಯಸ್ಸಿನಲ್ಲಿ ಸತ್ತವನು ಕಳೆದುಕೊಂಡದ್ದೇನೂ ಇಲ್ಲವೇ ಎಂದು ಕೇಳಿದರೆ, ಈ ವಾದ ನಮ್ಮ ಭಯಕ್ಕೆ ಮದ್ದು, ಉಳಿದವರ ದುಃಖಕ್ಕೆ ಅಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಅವನು ನಾಸ್ತಿಕನೇ?

ದೇವರುಗಳಿದ್ದಾರೆ ಎಂದವನು. ಆದರೆ ಪರಮ ಸುಖದಲ್ಲಿರುವವರಿಗೆ ನಮ್ಮ ಬೆಳೆ, ನಮ್ಮ ಮೊಕದ್ದಮೆ, ನಮ್ಮ ನೆರೆಮನೆಯವನ ಪಾಪಗಳ ಗೊಡವೆ ಇರದು. ಸಿಟ್ಟೂ ಇಲ್ಲ, ಕೃಪೆಯೂ ಇಲ್ಲ. ಸ್ಟೋಯಿಕರ ದೇವರು ಲೋಕದ ಮೂಲೆಮೂಲೆಯನ್ನೂ ನಡೆಸುವವನಾದ್ದರಿಂದ ಲೋಕದ ಪ್ರತಿಯೊಂದು ಅನಾಹುತಕ್ಕೂ ಅವರು ಸಮಜಾಯಿಷಿ ಹುಡುಕಬೇಕಾಯಿತು. ಎಪಿಕ್ಯೂರಸ್‌ಗೆ ಆ ಕಷ್ಟವಿರಲಿಲ್ಲ. ‘ದೇವರಿಗೆ ಕೇಡನ್ನು ತಡೆಯುವ ಮನಸ್ಸಿದ್ದು ಶಕ್ತಿಯಿಲ್ಲವೇ?’ ಎಂದು ಶುರುವಾಗುವ, ಅವನ ಹೆಸರಿನಲ್ಲಿ ಓಡಾಡುವ ಪ್ರಸಿದ್ಧ ಮಾತು ಅವನ ಉಳಿದಿರುವ ಬರಹಗಳಲ್ಲಿಲ್ಲ. ಅವನು ಹಾಗೆಂದನೆಂದು ಹೇಳಿದವನು ಸುಮಾರು 600 ವರ್ಷಗಳ ನಂತರದ ಕ್ರೈಸ್ತ ಲೇಖಕ ಲ್ಯಾಕ್ಟಾನ್ಷಿಯಸ್.

ಸುಖವೇ ಗುರಿಯಾದರೆ, ಯಾರೂ ನೋಡದಿದ್ದಾಗ ಕಳವು ಮಾಡಬಹುದಲ್ಲ?

ಸಿಕ್ಕಿಬೀಳುವುದಿಲ್ಲ ಎಂಬ ಭರವಸೆ ಕಳ್ಳನಿಗೆ ಸಾಯುವ ತನಕ ಸಿಗುವುದಿಲ್ಲ, ಹತ್ತು ಸಾವಿರ ಸಲ ತಪ್ಪಿಸಿಕೊಂಡಿದ್ದರೂ ಸಿಗುವುದಿಲ್ಲ ಎಂಬುದು ಅವನ ಉತ್ತರ. ನ್ಯಾಯವೆಂದರೆ ಮೇಲಿನಿಂದ ಇಳಿದದ್ದಲ್ಲ. ನಾನು ನಿನಗೆ ಹಾನಿ ಮಾಡುವುದಿಲ್ಲ, ನೀನು ನನಗೆ ಮಾಡಬೇಡ ಎಂದು ಮನುಷ್ಯರು ಮಾಡಿಕೊಂಡ ಒಪ್ಪಂದ. ಪರಿಸ್ಥಿತಿ ಬದಲಾಗಿ ಕಾನೂನಿನಿಂದ ಉಪಯೋಗ ನಿಂತರೆ ಅದು ನ್ಯಾಯವಾಗಿ ಉಳಿಯುವುದಿಲ್ಲ ಎಂದೂ ಹೇಳಿದ. ಆ ಕಾಲಕ್ಕೆ ಇದು ದಿಟ್ಟ ಮಾತು. ಎದೆ ಬಡಿತವೇ ಏರದ ಕಳ್ಳನಿಗೆ ಏನು ಹೇಳುತ್ತೀರಿ ಎಂದು ಕೇಳುವವರುಂಟು. ಅಂಥವನನ್ನು ಪ್ಲೇಟೋ ತಿದ್ದಿದ ದಾಖಲೆ ಇದ್ದರೆ ತೋರಿಸಿ ಎನ್ನುತ್ತೇನೆ.

ಸ್ನೇಹವನ್ನೂ ಲಾಭಕ್ಕೆ ಇಳಿಸಿದನಲ್ಲ?

ಸಿಸೆರೊನ ಪ್ರಬಲ ಅಸ್ತ್ರ ಇದು. ಸ್ನೇಹ ಉಪಯೋಗದಿಂದ ಶುರುವಾಗುತ್ತದೆ ಎಂದು ಎಪಿಕ್ಯೂರಸ್ ಹೇಳಿದ್ದು ಹೌದು, ಶುರುವಾಗುವುದು ಹಾಗೆಯೇ ತಾನೆ? ಆದರೆ ಸ್ನೇಹಿತರ ಸಹಾಯಕ್ಕಿಂತ, ಸಹಾಯ ಸಿಗುತ್ತದೆ ಎಂಬ ಭರವಸೆಯೇ ನಮಗೆ ದೊಡ್ಡದು ಎಂದೂ ಅವನು ಹೇಳಿದ. ಪೈಥಾಗೊರಸ್‌ನವರಂತೆ ಎಲ್ಲರ ಆಸ್ತಿ ಒಟ್ಟು ಮಾಡಿ ಇಡೋಣ ಎಂಬ ಸಲಹೆ ಬಂದಾಗ ಬೇಡವೆಂದ. ಅದು ಅಪನಂಬಿಕೆಯ ಲಕ್ಷಣ, ನಂಬಿಕೆ ಇಲ್ಲದಲ್ಲಿ ಸ್ನೇಹವೆಲ್ಲಿ ಎಂದು. ಲಾಭಕೋರನ ಉಯಿಲು ಹೇಗಿರುತ್ತದೋ ಗೊತ್ತಿಲ್ಲ, ಇವನ ಉಯಿಲಿನಲ್ಲಿ ಸ್ನೇಹಿತರ ಮಕ್ಕಳ ಪಾಲನೆ, ಮೆಟ್ರೊಡೋರಸ್‌ನ ಮಗಳ ವರದಕ್ಷಿಣೆಯ ಏರ್ಪಾಡು, ಮೂಸ್ ಸೇರಿ ನಾಲ್ವರು ಗುಲಾಮರ ಬಿಡುಗಡೆ ಇವೆ. ಗುಲಾಮರನ್ನು ಇಟ್ಟುಕೊಂಡಿದ್ದನಲ್ಲ ಎಂದರೆ, ಇಟ್ಟುಕೊಂಡಿದ್ದ. ಬದುಕಿರುವಾಗಲೇ ಬಿಡಬಹುದಿತ್ತು.

ರಾಜಕೀಯದಿಂದ ದೂರವಿರು ಎಂದದ್ದು ಹೇಡಿತನವಲ್ಲವೇ?

‘ಮರೆಯಲ್ಲಿ ಬಾಳು’ ಎಂಬ ಅವನ ಮಾತನ್ನು ಪ್ಲುಟಾರ್ಕ್ ಕೆಣಕಿದ: ಮರೆಯಲ್ಲಿ ಬಾಳು ಎಂಬ ಮಾತನ್ನು ನೀನು ಪ್ರಚಾರ ಮಾಡಿದ್ದೇಕೆ? ಒಳ್ಳೆಯ ಏಟು. ಅಲೆಕ್ಸಾಂಡರ್‌ನ ಸೇನಾಪತಿಗಳು ಊರೂರು ಹರಿದು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಬಾಲ್ಯದ ಊರನ್ನೇ ಕಳೆದುಕೊಂಡವನ ಮಾತು ಅದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಲ್ಲ ಅನುಯಾಯಿಗಳೂ ಮರೆಯಲ್ಲಿ ಉಳಿಯಲಿಲ್ಲ. ಜೂಲಿಯಸ್ ಸೀಸರ್‌ಗೆ ಇರಿದವರ ಮುಂದಾಳು ಕ್ಯಾಸಿಯಸ್ ಈ ಪಂಥದವನೇ.

ಅರಿಸ್ಟಾಟಲ್ ಹೇಳಿದ ಸಮೃದ್ಧ ಬದುಕು ಇದಕ್ಕಿಂತ ಪೂರ್ಣವಲ್ಲವೇ?

ಪೂರ್ಣವೇ, ಆದರೆ ಎಷ್ಟು ಜನಕ್ಕೆ? ಒಳ್ಳೆಯ ಮನೆತನ, ಒಂದಿಷ್ಟು ಆಸ್ತಿ, ಮಕ್ಕಳು, ಬಿಡುವು, ಅದೃಷ್ಟ ಎಲ್ಲ ಬೇಕು. ಎಳೆಯರು ತನ್ನ ನೀತಿಪಾಠಕ್ಕೆ ತಕ್ಕ ಕೇಳುಗರಲ್ಲ ಎಂದೂ ಅವನು ಹೇಳುತ್ತಾನೆ. ಎಪಿಕ್ಯೂರಸ್‌ನ ಪತ್ರ ಶುರುವಾಗುವುದೇ, ಎಳೆಯನೆಂದು ಯಾರೂ ತಡಮಾಡಬೇಡಿ, ಮುದುಕನೆಂದು ಯಾರೂ ದಣಿಯಬೇಡಿ ಎಂದು. ಸುಖಕ್ಕೆ ಇನ್ನೂ ಹೊತ್ತಾಗಿಲ್ಲ ಎನ್ನುವುದೂ ಹೊತ್ತು ಮೀರಿತು ಎನ್ನುವುದೂ ಒಂದೇ ಬಗೆಯ ಮೂರ್ಖತನ.

ಸೂರ್ಯ ಕಾಣುವಷ್ಟೇ ದೊಡ್ಡದು ಎಂದವನನ್ನು ನಂಬುವುದು ಹೇಗೆ?

ಹೆಚ್ಚುಕಡಿಮೆ ಕಾಣುವಷ್ಟೇ ಎಂದದ್ದು ನಿಜ. ನನ್ನ ಬಳಿ ಇದಕ್ಕೆ ಸಮರ್ಥನೆ ಇಲ್ಲ. ಗ್ರೀಕ್ ಗಣಿತಜ್ಞರ ಮಾತು ಕೇಳಬಹುದಿತ್ತು, ಕೇಳಲಿಲ್ಲ.

ಇತರ ಪಂಥಗಳಿಂದ ತೋಟಕ್ಕೆ ಜನ ಹೋಗುತ್ತಿದ್ದರು, ತೋಟದಿಂದ ಯಾರೂ ಬರುತ್ತಿರಲಿಲ್ಲ ಎಂಬುದು ನಿಜವೇ?

ಅಕಾಡೆಮಿಯ ಸಂದೇಹವಾದಿ ಅರ್ಕೆಸಿಲಾಸ್‌ನನ್ನು ಯಾರೋ ಹೀಗೆ ಕೇಳಿದಾಗ, “ಗಂಡಸು ನಪುಂಸಕನಾಗಬಹುದು, ನಪುಂಸಕ ಗಂಡಸಾಗಲಾರ” ಎಂದನಂತೆ. ಸಭೆ ನಕ್ಕಿರಬೇಕು. ಆದರೆ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಬೈಗುಳ ಸಿಕ್ಕಿತು. ಅಂದಹಾಗೆ ‘ಯಾರೂ’ ಎನ್ನುವುದು ಉತ್ಪ್ರೇಕ್ಷೆ. ತಿಮೊಕ್ರೇಟಸ್ ಬಿಟ್ಟುಹೋದದ್ದನ್ನು ಮೇಲೆ ಹೇಳಿದ್ದೇನೆ.

ಅವನ ಪುಸ್ತಕಗಳೆಲ್ಲ ಎಲ್ಲಿ ಹೋದವು? ಓದಲು ಎಲ್ಲಿಂದ ಶುರು ಮಾಡಲಿ?

ಸುಮಾರು 300 ಸುರುಳಿ ಬರೆದವನದು ಪೂರ್ತಿಯಾಗಿ ಉಳಿದದ್ದು ಮೂರು ಪತ್ರ, 40 ಮುಖ್ಯ ಸೂತ್ರ, ಒಂದು ಉಯಿಲು. ಅಷ್ಟನ್ನೂ ಉಳಿಸಿದವನು ತನ್ನ ಜೀವನಚರಿತ್ರೆಗಳ ಹತ್ತನೆಯ ಸಂಪುಟವನ್ನು ಪೂರ್ತಿ ಇವನಿಗೇ ಮೀಸಲಿಟ್ಟ ಡಯೋಜನೀಸ್ ಲೇರ್ಷಿಯಸ್. 1888ರಲ್ಲಿ ವ್ಯಾಟಿಕನ್ನಿನ ಹಸ್ತಪ್ರತಿಯೊಂದರಲ್ಲಿ 81 ಸೂಕ್ತಿಗಳು ಸಿಕ್ಕವು. ಈಗಿನ ತುರ್ಕಿಯ ಒಯಿನೊಆಂಡ ಎಂಬ ಬೆಟ್ಟದ ಊರಿನಲ್ಲಿ ಕ್ರಿ.ಶ. 2ನೆಯ ಶತಮಾನದ ಮುದುಕನೊಬ್ಬ, ಇವನ ಹೆಸರೂ ಡಯೋಜನೀಸ್, ದಾರಿಹೋಕರಿಗೆ ಉಪಕಾರವಾಗಲೆಂದು ಈ ತತ್ತ್ವವನ್ನೆಲ್ಲ ಉದ್ದನೆಯ ಕಲ್ಲುಗೋಡೆಯ ಮೇಲೆ ಕೆತ್ತಿಸಿದ. ಅದರ ತುಂಡುಗಳು ಇಂದಿಗೂ ಸಿಗುತ್ತಿವೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಡಿ ಸುಟ್ಟು ಇದ್ದಿಲಾದ ಒಂದು ಗ್ರಂಥಭಂಡಾರವೂ ಇದೆ, ಇಟಲಿಯ ಹರ್ಕ್ಯುಲೇನಿಯಂನಲ್ಲಿ. ಬಹುಪಾಲು ಎಪಿಕ್ಯೂರಸ್ ಪಂಥದ ಫಿಲೊಡೀಮಸ್‌ನ ಬರಹಗಳು. ಬಿಚ್ಚಲು ಹೋದರೆ ಪುಡಿಯಾಗುವ ಸುರುಳಿಯೊಂದನ್ನು ಬಿಚ್ಚದೆಯೇ, ಎಕ್ಸ್‌ರೇ ಮತ್ತು ಕಂಪ್ಯೂಟರ್ ನೆರವಿನಿಂದ ಮೂವರು ಯುವಕರು ಅದರ ಒಂದು ಸಣ್ಣ ಭಾಗವನ್ನು ಓದಿದ ಸುದ್ದಿ 2024ರ ಫೆಬ್ರುವರಿಯಲ್ಲಿ ಬಂತು. ಏನಿತ್ತು ಅದರಲ್ಲಿ? ಆಹಾರದ ವಿಷಯದಲ್ಲಿ, ಅಪರೂಪವಾದದ್ದು ಹೇರಳವಾಗಿ ಸಿಗುವುದಕ್ಕಿಂತ ಹೆಚ್ಚು ಸುಖಕರ ಎಂದು ನಾವು ಒಮ್ಮೆಲೇ ನಂಬಿಬಿಡುವುದಿಲ್ಲ ಎಂಬ ಮಾತು. ಸುಮಾರು ಎರಡು ಸಾವಿರ ವರ್ಷ ಇದ್ದಿಲಾಗಿದ್ದ ಸುರುಳಿ ಬಾಯಿ ಬಿಟ್ಟಾಗಲೂ ‘ಸಾಕು’ ಎಂಬುದನ್ನೇ ಮಾತಾಡಿತು.

ಶುರು ಮಾಡಲು ಮೆನೋಯ್ಕಿಯಸ್ ಪತ್ರವೇ ಸರಿ. ಒಂದು ಕಾಫಿ ಆರುವುದರೊಳಗೆ ಮುಗಿಯುತ್ತದೆ. ಸಿಸೆರೊನನ್ನು ಆಮೇಲೆ ಓದಿ, ಮೊದಲೇ ಬೇಡ.

ಪ್ರತಿ ತಿಂಗಳ 20ನೆಯ ತಾರೀಖಿಗೆ ಏನು ವಿಶೇಷ?

ತನ್ನ ಮತ್ತು ಮೆಟ್ರೊಡೋರಸ್‌ನ ನೆನಪಿಗೆ ಆ ದಿನ ಎಲ್ಲರೂ ಸೇರಬೇಕೆಂದು ಉಯಿಲಿನಲ್ಲಿ ಬರೆದಿಟ್ಟ. ಊರಿನವರು ತೋಟದವರನ್ನು ‘ಇಪ್ಪತ್ತರವರು’ ಎಂದು ಆಡಿಕೊಳ್ಳುತ್ತಿದ್ದರು. ಎರಡು ಶತಮಾನದ ಮೇಲೂ ಆ ಪದ್ಧತಿ ನಡೆದಿತ್ತು. ಮೇಲೆ ಹೇಳಿದ ಫಿಲೊಡೀಮಸ್ ತನ್ನ ಶ್ರೀಮಂತ ಪೋಷಕ ಪೀಸೊಗೆ ಕಳಿಸಿದ ಪದ್ಯದ ಕರೆಯೋಲೆಯೊಂದು ಸಿಕ್ಕಿದೆ. ನಾಳೆ ಇಪ್ಪತ್ತು, ನನ್ನ ಬಡ ಗುಡಿಸಲಿಗೆ ಬಾ. ದುಬಾರಿ ಮಾಂಸವಿಲ್ಲ, ಖಿಯೊಸ್‌ನ ದ್ರಾಕ್ಷಾರಸವಿಲ್ಲ. ಆದರೆ ನಿಜವಾದ ಸ್ನೇಹಿತರಿರುತ್ತಾರೆ, ಒಳ್ಳೆಯ ಮಾತಿರುತ್ತದೆ ಎನ್ನುತ್ತಾನೆ. ಅಲ್ಲಿಗೇ ನಿಲ್ಲಿಸಿದ್ದರೆ ಗುರುವಿಗೆ ಮೆಚ್ಚುಗೆಯಾಗುತ್ತಿತ್ತು. ಕೊನೆಯ ಸಾಲಿನಲ್ಲಿ, ನೀನು ನಮ್ಮ ಕಡೆ ಸ್ವಲ್ಪ ಕಣ್ಣು ಹಾಯಿಸಿದರೆ ಈ ಬಡ ಇಪ್ಪತ್ತನ್ನು ಇನ್ನೂ ಜೋರಾಗಿ ಮಾಡಬಹುದು ಪೀಸೊ ಎಂದು ಮೆಲ್ಲಗೆ ಕೈ ಚಾಚಿದ್ದಾನೆ.